ಟಾರ್ಪಾಲಿನ ಮೇಲಿನ ಸಾಮಾನು

ಸೇನೆಯ ಠಾಣೆಯೊಂದು ಕೈಗೆ ಸಿಕ್ಕ ಕೂಡಲೇ ಅವರು ಟಾರ್ಪಾಲು ಹಾಸುತ್ತಾರೆ. ನೀಲಿ ಟಾರ್ಪಾಲು, ನಮ್ಮ ದಾಸರಹಳ್ಳಿಯಲ್ಲಿ ಮನೆ ಕಟ್ಟುವಾಗ ಸಿಮೆಂಟು ಮೂಟೆಗಳಿಗೆ ಹೊದಿಸುತ್ತಾರಲ್ಲ, ಅಂಥದ್ದೇ. ಅದರ ಮೇಲೆ ರೈಫಲ್ಲುಗಳನ್ನು ಒಂದರ ಪಕ್ಕ ಒಂದು ಮಲಗಿಸುತ್ತಾರೆ, ಗುಂಡಿನ ಸರಗಳನ್ನು ಸುರುಳಿ ಸುತ್ತಿ ಇಡುತ್ತಾರೆ, ವಾಕಿಟಾಕಿಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಹಿಂದೆ ಬಾವುಟ. ಕ್ಯಾಮೆರಾ ಎಡದಿಂದ ಬಲಕ್ಕೆ ನಿಧಾನವಾಗಿ ಸಾಗುತ್ತದೆ, ಮದುವೆಮನೆಯಲ್ಲಿ ಬಂದ ಉಡುಗೊರೆಗಳನ್ನು ವಿಡಿಯೋ ಮಾಡುವವನ ಹಾಗೆ. ಆ ನಿಧಾನವೇ ನನ್ನ ಅನ್ನ.

ಹೆಬ್ಬಾಳದ ಫ್ಲೈಓವರ್ ಕಾಣುವ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ನಮ್ಮ ಆಫೀಸು. ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನ ದೇಶವೊಂದರಲ್ಲಿ ಜಿಹಾದಿ ಗುಂಪೊಂದು ವರ್ಷಗಳಿಂದ ಅಲ್ಲಿನ ಸರ್ಕಾರದ ಮೇಲೆ ಯುದ್ಧ ಮಾಡುತ್ತಿದೆ. ಅದು ಹೊರಬಿಡುವ ವಿಡಿಯೋಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡುವುದು, ವಶಪಡಿಸಿಕೊಂಡ ಆಯುಧಗಳು ಯಾವುವು, ಅವುಗಳಿಂದ ಆ ಗುಂಪು ನಾಳೆ ಏನು ಮಾಡಬಲ್ಲದು ಎಂದು ಬರೆಯುವುದು ನನ್ನ ಕೆಲಸ. ಆ ದೇಶದಲ್ಲಿ ಗಣಿ ತೋಡುವ, ರಸ್ತೆ ಹಾಕುವ, ವಿದ್ಯುತ್ ತಂತಿ ಎಳೆಯುವ ಕಂಪನಿಗಳು ನಮ್ಮ ವರದಿಗಳನ್ನು ಕೊಳ್ಳುತ್ತವೆ. ಯಾವ ವರದಿ ಯಾರ ಕೈಗೆ ಹೋಗುತ್ತದೆ ಎಂಬುದು ಬರೆಯುವ ನಮಗೆ ತಿಳಿಯುವುದಿಲ್ಲ. ತಿಳಿದರೆ ಕೈ ನಡುಗುತ್ತದೆ ಎನ್ನುವುದು ನಮ್ಮ ಬಾಸಿನ ನಂಬಿಕೆ. ಅವರು ಫಿರಂಗಿ ದಳದಿಂದ ನಿವೃತ್ತರಾದವರು. ಯಲಹಂಕದ ಕಡೆಯಿಂದ ಯುದ್ಧವಿಮಾನ ಏರಿದ ಸದ್ದು ಕೇಳಿದರೆ ಇವತ್ತಿಗೂ ಮಾತು ನಿಲ್ಲಿಸಿ ತಲೆ ಎತ್ತುತ್ತಾರೆ.

ನನಗೆ ಈ ಕೆಲಸ ಬೇಗ ಒಗ್ಗಿತು. ಯಾರು ಏನೇ ಹೇಳಲಿ, "ಅದಕ್ಕೆ ಆಧಾರ?" ಎಂದು ಕೇಳದೆ ಇರಲಾರದ ನಾಲಿಗೆ ನನ್ನದು. ಹಿಡಿಯ ತುದಿ ಮುರಿದಿದ್ದ ಒಂದೇ ಮಷಿನ್ ಗನ್ ಬೇರೆಬೇರೆ ಊರುಗಳ "ವಿಜಯ"ಗಳಲ್ಲಿ ಮಲಗಿರುವುದನ್ನು ನಾನು ಹಿಡಿದಾಗ ಆಫೀಸಿನಲ್ಲಿ ಚಪ್ಪಾಳೆ ಬಿದ್ದಿತ್ತು. ಕೊಲ್ಲುವವರು ಸುಳ್ಳನ್ನೂ ಹೇಳುತ್ತಾರೆ ಎಂಬುದು ದೊಡ್ಡ ಸಂಶೋಧನೆಯಲ್ಲ ನಿಜ. ಆದರೆ ಎಲ್ಲಿ ಹೇಳುತ್ತಾರೆ ಎಂದು ಬೆರಳಿಟ್ಟು ತೋರಿಸುವುದರಲ್ಲಿ ಒಂದು ಖುಷಿ ಇದೆ. ಆ ಖುಷಿ ನನಗೆ ಹೈಸ್ಕೂಲಿನಿಂದಲೇ ಅಂಟಿದ್ದು.

ಚರ್ಚಾ ಸ್ಪರ್ಧೆಗಳಲ್ಲಿ ನಾನು ಬೆಳೆದೆ. ವೇದಿಕೆ ಹತ್ತುವ ಮುಂಚೆ ಚೀಟಿ ಎತ್ತಬೇಕು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ನಿನ್ನ ಸ್ವಂತ ಅಭಿಪ್ರಾಯವನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬಾ ಎಂದು ನಮ್ಮ ಕಾಲೇಜಿನ ಮೇಷ್ಟ್ರು ಹೇಳುತ್ತಿದ್ದರು. ನನ್ನ ತಾಲೀಮು ನಡೆಯುತ್ತಿದ್ದುದು ಅಡುಗೆಮನೆಯಲ್ಲಿ. ಅಕ್ಕನೇ ತೀರ್ಪುಗಾರ್ತಿ. ನನ್ನ ಸಮಯ ಮುಗಿದರೆ ಸೌಟಿನಿಂದ ಪಾತ್ರೆ ಬಡಿಯುತ್ತಿದ್ದಳು. ನಾನು ಬಾಯಿ ತೆರೆಯುವ ಮುಂಚೆಯೇ, "ಇವತ್ತು ಯಾವ ಕಡೆ ಕಣೇ?" ಎಂದು ಕೇಳುವುದು ಅವಳ ರೂಢಿ. ಕಾಲೇಜು ಮುಗಿದ ಮೇಲೂ ಅದು ಮನೆಯ ಮಾತಾಗಿ ಉಳಿಯಿತು. ಕರಿಬೇವು ತರಲು ಒಲ್ಲೆ ಎಂದು ನಾನು ಕಾರಣ ಹೇಳಲು ಶುರುಮಾಡಿದರೂ ಸಾಕು, "ಯಾವ ಕಡೆ?" ಎನ್ನುತ್ತಿದ್ದಳು.

ಆಫೀಸಿನಲ್ಲಿಯೂ ಒಂದು ಪದ್ಧತಿ ಇತ್ತು. ವರದಿ ಹೊರಗೆ ಹೋಗುವ ಮುಂಚೆ ಅದರ ಮೇಲೆ ಚರ್ಚೆ ನಡೆಯಬೇಕು. ಚೀಟಿ ಇಲ್ಲ. ತೀರ್ಮಾನಕ್ಕೆ ಬಂದವರೇ ತಮ್ಮ ತೀರ್ಮಾನದ ವಿರುದ್ಧ ವಾದಿಸಬೇಕು. ಇನ್ನೊಬ್ಬರು ಅದನ್ನು ಸಮರ್ಥಿಸಬೇಕು. ಸಮರ್ಥನೆ ನಿಂತರೆ ವರದಿ ಹಾಗೆಯೇ ಹೋಗುತ್ತದೆ, ಬಿದ್ದರೆ ತಿದ್ದಿ ಹೋಗುತ್ತದೆ. ಬಾಸಿನ ತರ್ಕ ಸರಳವಾಗಿತ್ತು: "ನಿಮ್ಮ ವರದಿಯ ತೂತು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತೋರಿಸಿ." ಕೇಳಿದ ದಿನವೇ ನಾನು ಈ ಪದ್ಧತಿಗೆ ಮರುಳಾದೆ. ಜಗತ್ತಿನ ಪಾರ್ಲಿಮೆಂಟುಗಳೆಲ್ಲ ಹೀಗೆ ನಡೆದರೆ ಎಷ್ಟು ಚೆನ್ನ ಎಂದು ಮನೆಗೆ ಬಂದು ಭಾಷಣವನ್ನೂ ಮಾಡಿದೆ.

ಅದನ್ನು ಕೇಳಿದವರಲ್ಲಿ ಭಾವನೂ ಒಬ್ಬರು. ಅಕ್ಕನ ಗಂಡ. ನಾನು ಅಕ್ಕ ಭಾವನ ಜೊತೆಯಲ್ಲೇ ಇರುವುದು. ನಾಗಸಂದ್ರದ ಆಚೆ ಇನ್ನೂ ಊರು ಊರಾಗಿಯೇ ಇದ್ದ ಕಾಲದಲ್ಲಿ ಹುಟ್ಟಿದವರು ಅವರು. ನಾಲಿಗೆಯಲ್ಲಿ ಹಕಾರ ನಿಲ್ಲುವುದಿಲ್ಲ, ಅದರ ಬಗ್ಗೆ ನಾಚಿಕೆಯೂ ಇಲ್ಲ. ಕೆಲಸ, ವಿದ್ಯುತ್ ಗೋಪುರಗಳನ್ನು ನಿಲ್ಲಿಸಿ ತಂತಿ ಎಳೆಯುವುದು. ಆ ಕೆಲಸಕ್ಕೆ ಅವರು ಹೋಗುತ್ತಿದ್ದ ದೇಶ, ನಾನು ಹೆಬ್ಬಾಳದಲ್ಲಿ ಕುಳಿತು ದಿನವಿಡೀ ನೋಡುತ್ತಿದ್ದ ಅದೇ ದೇಶ. ಇದು ಆಕಸ್ಮಿಕವಲ್ಲ. ಅವರು ಮೊದಲ ಸಲ ಅಲ್ಲಿಗೆ ಹೋದಾಗ ಅದರ ಬಗ್ಗೆ ಓದುತ್ತಾ ಓದುತ್ತಾ ನಾನು ಈ ಕೆಲಸಕ್ಕೆ ಬಂದು ಬಿದ್ದದ್ದು.

"ಇಲ್ಲಿ ಪೀಣ್ಯದಲ್ಲಿ ನಾನು ಇನ್ನೊಬ್ಬನ ಇಂದೆ ತಂತಿ ಸುತ್ಕೊಂಡು ನಿಂತಿರೋನು. ಅಲ್ಲಿ ನಾನು ಮೇಸ್ತ್ರಿ ಕಣಮ್ಮ. ನಾನು ಏಳ್ದಂಗೆ ಗೋಪುರ ನಿಲ್ತವೆ," ಎನ್ನುತ್ತಿದ್ದರು. ಊಟದ ಮಧ್ಯೆ ಮೊಬೈಲಿನಲ್ಲಿ ಆ ಗೋಪುರಗಳ ಫೋಟೋ ತೋರಿಸುತ್ತಿದ್ದರು. ಬಯಲಿನಲ್ಲಿ ಒಂದರ ಹಿಂದೆ ಒಂದು, ದಾರ ಹಿಡಿದು ನೆಟ್ಟ ಹಾಗೆ. ಮನುಷ್ಯರು ಯಾರೂ ಇರುತ್ತಿರಲಿಲ್ಲ. ಬರೀ ಗೋಪುರಗಳು.

ಆ ವರ್ಷ ರಜೆಗೆ ಬಂದವರು ಆಯುಧಪೂಜೆಗೂ ಉಳಿದುಕೊಂಡರು. ಸ್ಕೂಟರಿಗೆ, ಮಿಕ್ಸಿಗೆ, ನನ್ನ ಲ್ಯಾಪ್‌ಟಾಪಿಗೆ ಎಲ್ಲಕ್ಕೂ ಅಕ್ಕ ಅರಿಶಿನ ಕುಂಕುಮ ಹಚ್ಚಿದಳು. ಭಾವನ ಟೂಲ್ ಬಾಕ್ಸಿನ ಸರದಿ ಬಂದಾಗ ಅವರು ತಡೆದರು. ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ ಅದು. ಸ್ಪ್ಯಾನರುಗಳೆಲ್ಲ ಅದರೊಳಗೇ. ಪ್ರತಿ ಸಲವೂ ಹೊತ್ತುಕೊಂಡು ಹೋಗಿ ಹೊತ್ತುಕೊಂಡು ಬರುತ್ತಿದ್ದರು.

"ಕುಂಕುಮ ಎಲ್ಡು ದಿನಕ್ಕೆ ಅಳಿಸ್ಕಂಡ್ ಓಯ್ತದೆ. ಪೇಂಟಲ್ಲೇ ಬರ್ದುಬುಡು," ಎಂದರು.

ಗೇಟಿಗೆ ಬಳಿದು ಮಿಕ್ಕಿದ್ದ ಬಿಳಿ ಪೇಂಟಿನಿಂದ ಅಕ್ಕ ಮುಚ್ಚಳದ ಮೇಲೆ ವಿಭೂತಿಯಂತೆ ಮೂರು ಗೆರೆ ಎಳೆಯತೊಡಗಿದಳು. ಮೂರನೆಯದರ ಮಧ್ಯದಲ್ಲಿ ಕುಕ್ಕರ್ ಕೂಗಿತು. ಬ್ರಷ್ಷು ಬಿಟ್ಟು ಓಡಿದಳು. ವಾಪಸು ಬರುವಷ್ಟರಲ್ಲಿ ಗೆರೆಯ ತುದಿ ಒಣಗಿಹೋಗಿತ್ತು. ಅಲ್ಲಿಗೇ ಮೊಟಕಾಯಿತು. ಕೆಂಪು ಬೊಟ್ಟಿಗೆ ಪೇಂಟ್ ಇರಲಿಲ್ಲ. ತನ್ನ ನೈಲ್ ಪಾಲಿಶ್ ತಂದು, ಗೆರೆ ಮೊಟಕಾದ ಕಡೆಯೇ ಇಟ್ಟಳು.

"ಮೂರನೇ ಗೆರೆ ಗಿಡ್ಡ ಆಯ್ತಲ್ರೀ," ಎಂದಳು.

"ದೇವ್ರು ಅಡ್ಜಸ್ಟ್ ಮಾಡ್ಕತಾನೆ ಬಿಡು."

"ದೇವರು ಅಡ್ಜಸ್ಟ್ ಮಾಡ್ಕೋತಾನೆ ಅನ್ನೋದಕ್ಕೆ ಆಧಾರ ಏನು ಭಾವ?" ಎಂದೆ ನಾನು.

"ನಿನ್ನನ್ನ ಉಟ್ಸಿ ಇನ್ನೂ ಇಟ್ಕಂಡವ್ನಲ್ಲ ಲಾಯರಮ್ಮ, ಅದೇ ಆಧಾರ."

ಅಕ್ಕ ನಕ್ಕಳು. ಆದರೆ ಆ ಸಂಜೆ ಬಟ್ಟೆ ಮಡಿಸುತ್ತಾ, ಭಾವ ಹೊರಗೆ ಹೋದ ಸಮಯ ನೋಡಿ, ನನ್ನ ಮುಂದೆ ಕುಳಿತಳು. "ನೀನು ದಿನಾ ಅದನ್ನೇ ನೋಡ್ತೀಯಲ್ಲ. ಈ ಸಲ ಅವ್ರನ್ನ ಕಳಿಸ್ಬೋದಾ ಬೇಡ್ವಾ? ನೀನು ಬೇಡ ಅಂದ್ರೆ ನಾನು ಅಡ್ಡ ಮಲಗಿ ಆದ್ರೂ ನಿಲ್ಲಿಸ್ತೀನಿ. ನನ್ ಮಾತು ಕೇಳಲ್ಲ ಅವ್ರು. ನಿನ್ ಮಾತಿಗೆ ಬೆಲೆ ಕೊಡ್ತಾರೆ."

ನೋಡಿ ಹೇಳುತ್ತೇನೆ ಎಂದೆ. ಆಗ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಭಾವನ ಕ್ಯಾಂಪಿಗೆ ಎತ್ತರದ ಗೋಡೆ ಇತ್ತು, ಕಾವಲಿತ್ತು. ರೈಫಲ್ ಹಿಡಿದು ಬೈಕಿನಲ್ಲಿ ಬರುವವರನ್ನು ಗೋಡೆ ತಡೆಯುತ್ತದೆ. ಅಷ್ಟರವರೆಗೆ ನಾನು ಕಂಡಿದ್ದ ಗುಂಪು ಅಂಥದ್ದೇ.

ಹಬ್ಬ ಕಳೆದ ಮೇಲೆ ಹೊಸ ವಿಡಿಯೋ ಬಂತು. ಸೇನೆಯ ಠಾಣೆ ಬಿದ್ದಿತ್ತು. ಟಾರ್ಪಾಲಿನ ಮೇಲೆ ಎಂದಿನ ಸಾಮಾನುಗಳ ಪಕ್ಕದಲ್ಲಿ ಮಾರ್ಟರುಗಳಿದ್ದವು. ಮಾರ್ಟರ್ ಎಂದರೆ ಆಕಾಶಕ್ಕೆ ಬಾಯಿ ತೆರೆದ ದಪ್ಪ ಕೊಳವೆ. ಅದರಿಂದ ಹಾರಿದ ಶೆಲ್ಲು ಕಮಾನಿನಂತೆ ಏರಿ ದೂರ ಹೋಗಿ ಮೇಲಿನಿಂದ ಬೀಳುತ್ತದೆ. ಗೋಡೆಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಆ ಗುಂಪಿಗೆ ಮಾರ್ಟರ್ ಹೊಸದಲ್ಲ. ಆದರೆ ಹಿಂದೆಲ್ಲ ಬರೀ ಕೊಳವೆ ಸಿಗುತ್ತಿತ್ತು. ಗುರಿ ಹೊಂದಿಸುವ, ಪುಟ್ಟ ದುರ್ಬೀನಿನಂಥ ಸೈಟ್ ಇರುತ್ತಿರಲಿಲ್ಲ. ಸೈಟ್ ಇಲ್ಲದೆ ಹಾರಿಸಿದ ಶೆಲ್ಲು ಎಲ್ಲೋ ಹೊಲದಲ್ಲಿ ಬೀಳುತ್ತಿತ್ತು. ಈ ಸಲ ಸೈಟುಗಳಿದ್ದವು, ಅವುಗಳ ಪೆಟ್ಟಿಗೆಯ ಸಮೇತ. ಅದಕ್ಕಿಂತ ಹೆಚ್ಚಾಗಿ, ಮುಖ ಮುಚ್ಚಿಕೊಂಡಿದ್ದ ಒಬ್ಬ ಅದನ್ನು ಕೊಳವೆಗೆ ಸಿಕ್ಕಿಸಿದ ರೀತಿ. ನೋಡದೆಯೇ ಸಿಕ್ಕಿಸಿದ. ಕತ್ತಲಲ್ಲಿ ಮನೆಯ ಸ್ವಿಚ್ಚಿನ ಮೇಲೆ ನಮ್ಮ ಕೈ ಹೋಗುತ್ತದಲ್ಲ, ಹಾಗೆ. ಅವನು ಕಲಿತವನು. ಬಹುಶಃ ಸೇನೆಯಿಂದಲೇ ಅತ್ತ ಹೋದವನು. ಕಲಿತವನು ಹತ್ತು ಜನರಿಗೆ ಕಲಿಸುತ್ತಾನೆ.

ನಾನು ಬರೆದೆ: ಇವರು ಇನ್ನು ಗೋಡೆಯ ಆಚೆಯಿಂದ ಕ್ಯಾಂಪುಗಳನ್ನು ಹೊಡೆಯಬಲ್ಲರು.

ಪದ್ಧತಿಯ ಪ್ರಕಾರ ಅದರ ವಿರುದ್ಧ ವಾದಿಸಬೇಕಾದವಳೂ ನಾನೇ. ಸಮರ್ಥಿಸುವ ಕೆಲಸ ಆರ್.ಟಿ. ನಗರದ ನನ್ನ ಸಹೋದ್ಯೋಗಿಗೆ ಬಂತು. ಅವನ ಮನೆಮಾತು ದಖ್ಖನಿ ಉರ್ದು. ಅರಬ್ಬಿ ಕಲಿತವನು, ವಿಡಿಯೋಗಳಲ್ಲಿ ಆಡುವ ಮಾತನ್ನು ನಮಗೆ ಬಿಡಿಸಿ ಹೇಳುವವನು. ನನಗಿಂತ ಒಳ್ಳೆಯ ಮನುಷ್ಯ, ವಾದದಲ್ಲಿ ನನಗಿಂತ ತುಂಬಾ ಮೆತ್ತಗೆ. "ನಮ್ಮಮ್ಮ ದಿನಾ ಬೆಳಗ್ಗೆ ಓದೋ ಸಾಲುಗಳನ್ನೇ ಇವ್ರು ಹೆಣದ ಪಕ್ಕ ನಿಂತ್ಕೊಂಡು ಓದ್ತಾರೆ ಗುರು. ಮನೆಗೆ ಹೋಗಿ ಅಮ್ಮನ ಪಕ್ಕ ಕೂತ್ಕೊಳಕ್ಕೆ ಆಗಲ್ಲ," ಎಂದು ಒಮ್ಮೆ ಲಿಫ್ಟಿನಲ್ಲಿ ಹೇಳಿದ್ದ. ಆ ವಾರ ಅವನು ಆ ವಿಡಿಯೋವನ್ನು ಧ್ವನಿ ಸಮೇತ ಮತ್ತೆ ಮತ್ತೆ ಕೇಳಬೇಕಾಗಿ ಬಂದಿತ್ತು. ಕಣ್ಣು ಕೆಂಪಗಿದ್ದವು.

ಬೇಕೆಂದೇ ಸೋಲಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅದಕ್ಕೂ ಉತ್ತರವಿದೆ. ಎದುರಾಳಿ ಮೆತ್ತಗಾದದ್ದರಿಂದ ನಿಂತ ತೀರ್ಮಾನ ತೀರ್ಮಾನವೇ ಅಲ್ಲ. ಅಷ್ಟೇ ಅಲ್ಲ, ನಾನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ಶೆಲ್ಲಿನ ಪೆಟ್ಟಿಗೆಗಳ ಮುಚ್ಚಳ ಹಾಕಿತ್ತು, ಖಾಲಿ ಪೆಟ್ಟಿಗೆಗೂ ಮುಚ್ಚಳ ಇರುತ್ತದೆ. ಸೈಟ್ ಸಿಕ್ಕಿಸಿದವನು ಹಾರಿಸಿ ತೋರಿಸಿರಲಿಲ್ಲ. ಇವರು ಹಿಂದೆಯೂ ದೊಡ್ಡ ಆಯುಧಗಳನ್ನು ತೋರಿಸಿದ್ದರು, ಬಳಸಿರಲಿಲ್ಲ. ಕೊನೆಯಲ್ಲಿ ಒಂದು ವಾಕ್ಯ ತಾನಾಗಿ ಬಂತು. ಒಳ್ಳೆಯ ವಾಕ್ಯ ಬಾಯಿಗೆ ಬರುವಾಗ ಮೈ ಜುಮ್ಮೆನ್ನುತ್ತದೆ, ಚರ್ಚೆ ಮಾಡಿದವರಿಗೆ ಅದು ಗೊತ್ತು. "ಟಾರ್ಪಾಲಿನ ಮೇಲೆ ಜೋಡಿಸಿಟ್ಟಿರೋದು ಸಾಮಾನು. ಅದನ್ನ ಸಾಮರ್ಥ್ಯ ಅಂತ ಕರೆಯೋದು ಅವರ ಕೆಲಸ, ನಮ್ಮದಲ್ಲ."

ಸಹೋದ್ಯೋಗಿ ತನ್ನ ಹಾಳೆ ತಿರುವಿದ. "ಆದ್ರೆ ಅವನ ಕೈ..." ಎಂದ.

"ಕೈ ಎಷ್ಟು ಸೆಕೆಂಡ್ ಕಾಣುತ್ತೆ?" ಎಂದೆ.

ಅವನು ಹಾಳೆ ಮಡಚಿಟ್ಟ. ಬಾಸ್ ನನ್ನ ವಾಕ್ಯವನ್ನು ಇಂಗ್ಲಿಷಿನಲ್ಲಿ ಬೋರ್ಡಿನ ಮೇಲೆ ಬರೆದುಕೊಂಡರು. ಅವರ ಮುಖದಲ್ಲಿ ಮೆಚ್ಚುಗೆ.

"ಸರ್, ನಾನು ನಂಬಿರೋದು ಮೊದಲಿನದನ್ನ," ಎಂದೆ. "ಆ ಕೈ ನೋಡಿದವರಿಗೆ ಗೊತ್ತಾಗುತ್ತೆ. ನೀವೇ ಫಿರಂಗಿಯವರು. ನಿಮಗೆ ಗೊತ್ತಾಗಲ್ವಾ?"

"ನನಗೆ ಅನಿಸೋದು ಬೇರೆ, ನಿಲ್ಲೋದು ಬೇರೆ. ನೀವೇ ಅದನ್ನ ಬೀಳಿಸಿದ್ರಲ್ಲಮ್ಮ." ಅವರ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ವರದಿ ತಿದ್ದಿ ಹೊರಗೆ ಹೋಯಿತು: ಶೆಲ್ ದಾಳಿಯ ಸಾಧ್ಯತೆ ಕಡಿಮೆ.

ಮೆಟ್ಟಿಲಿಳಿಯುವಾಗ ಸಹೋದ್ಯೋಗಿ ಕ್ಷಮೆ ಕೇಳಿದ. "ಸಾರಿ ಗುರು. ನಿನ್ನನ್ನ ನಿನ್ನಿಂದ ಕಾಪಾಡಕ್ಕೆ ಆಗ್ಲಿಲ್ಲ." ಗೊರಗುಂಟೆಪಾಳ್ಯದಲ್ಲಿ ಬಸ್ಸಿಳಿದು ಮೆಟ್ರೋ ಹತ್ತುವವರೆಗೂ ನಾನು ನನ್ನ ಮೊದಲ ವರದಿಯ ಪರವಾಗಿ ಮನಸ್ಸಿನಲ್ಲೇ ವಾದಿಸಿದೆ. ಚೆನ್ನಾಗಿಯೇ ವಾದಿಸಿದೆ. ಕೇಳುವವರು ಯಾರೂ ಇರಲಿಲ್ಲ.

ಭಾವ ಹೊರಡುವ ವಾರ ಬಂತು. ನಾನು ಗಟ್ಟಿಮನಸ್ಸು ಮಾಡಿ ಊಟಕ್ಕೆ ಕುಳಿತಾಗ ಹೇಳಿದೆ: "ಭಾವ, ಈ ಸಲ ಹೋಗ್ಬೇಡಿ. ಅವರ ಹತ್ರ ಮಾರ್ಟರ್ ಇದೆ. ಹೊಡೆಯೋಕೆ ಬರುವವನೂ ಇದ್ದಾನೆ."

ಅಕ್ಕ ಸಾರಿನ ಪಾತ್ರೆ ಹಿಡಿದು ಹಾಗೆಯೇ ನಿಂತಳು. ಭಾವ ಎಡಗೈಯಲ್ಲಿ ಮೊಬೈಲ್ ತೆಗೆದರು. "ಅದಕ್ಕೇ ಕಂಪ್ನಿಯೋರು ನಮಗೆ ಕಳ್ಸವ್ರೆ ನೋಡು. ಎಲ್ಲಾರ್ಗೂ ಧೈರ್ಯ ಏಳಕ್ಕೆ. ಇಂಗ್ಲಿಷಲ್ಲಿದೆ. ನೀನೇ ಓದಿ ಏಳು."

ಕಂಪನಿ ಕೆಲಸಗಾರರಿಗೆ ಕಳಿಸಿದ್ದ ಸುರಕ್ಷತೆಯ ಸೂಚನೆ ಅದು. ಶೆಲ್ ದಾಳಿಯ ಸಾಧ್ಯತೆ ಕಡಿಮೆ ಎಂದಿತ್ತು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ವಾಕ್ಯ. ಟಾರ್ಪಾಲಿನ ಮೇಲೆ ಜೋಡಿಸಿಟ್ಟಿರುವುದು ಸಾಮಾನು, ಸಾಮರ್ಥ್ಯವಲ್ಲ. ಅದನ್ನು ನಾನೇ ಕನ್ನಡ ಮಾಡಿ ಗಟ್ಟಿಯಾಗಿ ಓದಿದೆ. ಓದುತ್ತಾ ಓದುತ್ತಾ ನನ್ನ ದನಿ ನನಗೇ ಬೇರೆಯವರದ್ದೆನಿಸಿತು.

"ಎಷ್ಟ್ ಚೆನ್ನಾಗಿ ಏಳವ್ನೆ ನೋಡು ಪುಣ್ಯಾತ್ಮ," ಎಂದರು ಭಾವ.

"ಅದು ನಾನು ಹೇಳಿದ್ದು ಭಾವ."

ಆಫೀಸಿನ ಗುಟ್ಟನ್ನು ಮನೆಯಲ್ಲಿ ಆಡಬಾರದಿತ್ತು. ಆಡಿದೆ. ಪದ್ಧತಿಯನ್ನು ವಿವರಿಸಿದೆ. ಅದು ನನ್ನ ಅಭಿಪ್ರಾಯವಲ್ಲ, ನನ್ನ ಅಭಿಪ್ರಾಯದ ವಿರುದ್ಧ ನಾನು ಆಡಿದ ಮಾತು ಎಂದೆ.

"ಅಂದ್ರೆ ಸುಳ್ಳು ಹೇಳಿದ್ಯಾ?" ಎಂದಳು ಅಕ್ಕ.

"ಇಲ್ಲಕ್ಕ."

"ಹಂಗಾದ್ರೆ ಅದು ನಿಜ."

"ನಿಜಾನೇ. ಆದ್ರೆ..."

"ಮತ್ತೆ ಈಗ ಹೇಳ್ತಿರೋದು?"

"ಇದೂ ನಿಜ."

"ಎರಡೂ ಹೆಂಗೆ ಕಣೇ ನಿಜ ಆಗುತ್ತೆ?" ಅಕ್ಕನ ಕಣ್ಣು ತುಂಬಿತ್ತು. "ಚಿಕ್ಕೋಳಿದ್ದಾಗಿಂದ ಇದೇ ಆಯ್ತು. ಈಗ ಯಾವ ಕಡೆ ಮಾತಾಡ್ತಿದ್ದೀಯ ಅದನ್ನಾದ್ರೂ ಹೇಳು!"

ಅವರು ಹೋಗಬಾರದು ಎನ್ನುವ ಕಡೆ ಎಂದೆ. ಕೈ ಹಿಡಿದು ಹೇಳಿದೆ. ಮುಖ ಮುಚ್ಚಿದವನ ಕೈಯ ಬಗ್ಗೆ ಹೇಳಿದೆ, ಕತ್ತಲಲ್ಲೂ ಸ್ವಿಚ್ಚು ತಪ್ಪದ ಕೈ ಎಂದೆ. ಭಾವ ಸಮಾಧಾನದಿಂದ ಕೇಳಿಸಿಕೊಂಡರು. ನಂತರ ನನ್ನ ಭುಜ ತಟ್ಟಿದರು. "ಅಲ್ಲಮ್ಮ, ಆಫೀಸಲ್ಲಿ ಕುಂತು ನಾಕು ಜನದ ಎದುರು ಯೋಚ್ನೆ ಮಾಡಿ ಏಳಿರೋದ್ ನಂಬ್ಲಾ, ಇಲ್ಲಿ ಭಾವ ಅನ್ನೋ ಪ್ರೀತಿಗೆ ಏಳ್ತಿರೋದ್ ನಂಬ್ಲಾ? ನೀನೇ ಏಳ್ಕೊಟ್ಟಿದ್ದಲ್ವಾ, ಪ್ರೀತಿ ಆಧಾರ ಅಲ್ಲ ಅಂತ?"

ಹೌದು, ನಾನೇ ಹೇಳಿಕೊಟ್ಟಿದ್ದೆ. ಅನ್ನ ಕಲೆಸಿದ ಕೈ ಒಣಗುವವರೆಗೂ ವಾದ ಹುಡುಕಿದೆ. ಸಿಗಲಿಲ್ಲ. ನನ್ನ ಬದುಕಿನಲ್ಲಿ ಅಷ್ಟರವರೆಗೆ ಗೆಲ್ಲಲೇಬೇಕು ಎಂದು ನಾನು ಆಡಿದ ಚರ್ಚೆ ಅದೊಂದೇ. ಎದುರಾಳಿಯ ಕೈಯಲ್ಲಿ ನನ್ನದೇ ಮಾತಿತ್ತು.

ಅಕ್ಕ ಅಡ್ಡ ಮಲಗಲಿಲ್ಲ. ಟೂಲ್ ಬಾಕ್ಸಿಗೆ ಹಳೆಯ ಬೆಡ್‌ಶೀಟ್ ಸುತ್ತಿ, ಹಗ್ಗ ಬಿಗಿದು ಕೊಟ್ಟಳು. ಕ್ಯಾಬಿನ ಡಿಕ್ಕಿ ಮುಚ್ಚುವಾಗ ಭಾವ ನನಗೆ ಹೇಳಿದರು, "ವಾಪಸ್ ಬಂದು ಎಲ್ರ ಎದ್ರು ನಿನ್ನ ಸೋಲಿಸ್ತೀನಿ ನೋಡ್ತಿರು."

ಹೋದ ಮೇಲೆ ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದರು. ಆಮೇಲೆ ಒಂದು ವಾರ ಮಾಡಲಿಲ್ಲ. ಇನ್ನೊಂದು ವಾರವೂ ಇಲ್ಲ. ಅಕ್ಕ ಕಂಪನಿಯ ಪೀಣ್ಯದ ಆಫೀಸಿಗೆ ಹೋಗಿ ಕುಳಿತಳು. ನೆಟ್‌ವರ್ಕ್ ಪ್ರಾಬ್ಲಂ ಮೇಡಂ ಎಂದರು. ಇನ್ನೊಂದು ದಿನ ಹೋದಾಗ ಕುರ್ಚಿ ಹಾಕಿ ಕಾಫಿ ತರಿಸಿಕೊಟ್ಟರು. ಕಾಫಿ ಕೊಟ್ಟಾಗಲೇ ನನಗೆ ಗೊತ್ತಾಯಿತು ಎಂದು ಅಕ್ಕ ಆಮೇಲೆ ಹೇಳಿದಳು. ಕ್ಯಾಂಪಿನ ಮೇಲೆ ಮೊದಲು ಶೆಲ್ಲುಗಳು ಬಿದ್ದಿದ್ದವು. ಕಾವಲಿನವರು ಓಡಿದ್ದರು. ಆಮೇಲೆ ಬೈಕುಗಳು ಬಂದಿದ್ದವು. ಕೆಲವರು ಸತ್ತಿದ್ದರು, ಕೆಲವರನ್ನು ಎಳೆದುಕೊಂಡು ಹೋಗಿದ್ದರು, ಕೆಲವರು ಬಯಲಿಗೆ ಓಡಿದ್ದರು. ಭಾವ ಯಾವ ಗುಂಪಿನಲ್ಲಿ ಎಂದು ಹೇಳಲು ಯಾರಿಗೂ ಆಗಲಿಲ್ಲ. ಪತ್ತೆಯಿಲ್ಲ ಎಂದರು.

ನನ್ನ ಮೊದಲ ವರದಿ ಸರಿಯಾಗಿತ್ತು. ಆಫೀಸಿನಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಸರಿಯಾಗಿರುವುದರಷ್ಟು ನಿಷ್ಪ್ರಯೋಜಕ ವಸ್ತು ಇನ್ನೊಂದಿಲ್ಲ ಎಂದು ನನಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ.

ಕೆಲವು ದಿನಗಳ ನಂತರ ವಿಡಿಯೋ ಬಂತು. ಬಾಸ್ ನನ್ನನ್ನು ಮನೆಗೆ ಹೋಗಲು ಹೇಳಿದರು. ಹೋಗಲಿಲ್ಲ. ಟಾರ್ಪಾಲು, ಬಾವುಟ, ಎಡದಿಂದ ಬಲಕ್ಕೆ ಅದೇ ನಿಧಾನ. ಕ್ಯಾಂಪಿನ ವಾಕಿಟಾಕಿಗಳು, ಹೆಲ್ಮೆಟ್ಟುಗಳು, ಒಂದು ಜನರೇಟರ್. ಬಲತುದಿಯಲ್ಲಿ ಬೂದು ಬಣ್ಣದ ಒಂದು ಪೆಟ್ಟಿಗೆ. ಅದರ ತುಂಬ ರೈಫಲ್ ಗುಂಡುಗಳು. ಮುಚ್ಚಳ ಹಿಂದಕ್ಕೆ ಮಗುಚಿ ನೆಲ ಮುಟ್ಟಿತ್ತು, ಅದರ ಒಂದು ಮೂಲೆ ಮಾತ್ರ ಓರೆಯಾಗಿ ಕಾಣುತ್ತಿತ್ತು. ಅಲ್ಲಿ ಬಿಳಿಯ ಗೆರೆಗಳ ತುದಿಗಳು. ಎರಡು ಉದ್ದ ಬಂದಿದ್ದವು. ಮೂರನೆಯದು ಅಲ್ಲಿಯವರೆಗೆ ಬಂದಿರಲಿಲ್ಲ. ಪಕ್ಕದಲ್ಲಿ ಕೆಂಪಗೆ ಏನೋ ಒಂದು ಚುಕ್ಕೆಯ ಅಂಚು.

ನಾನು ಗುರುತಿಸಿದೆ. ಗುರುತಿಸಿದ್ದು ನಾನು ಎಂದ ಮೇಲೆ ಅದರ ವಿರುದ್ಧ ವಾದಿಸಬೇಕಾದವಳೂ ನಾನೇ.

"ಬೇಡಮ್ಮ. ಇದಕ್ಕೆ ಚರ್ಚೆ ಬೇಡ," ಎಂದರು ಬಾಸ್.

"ಬೇಕು ಸರ್," ಎಂದೆ. ನನಗೆ ನಿಜವಾಗಿಯೂ ಬೇಕಿತ್ತು. ಆವರೆಗೆ ಆಫೀಸಿನ ಯಾವ ಚರ್ಚೆಯಲ್ಲೂ ನಾನು ವಾದಿಸುವ ಕಡೆಯೇ ನಿಜವಾಗಲಿ ಎಂದು ಬಯಸಿ ನಿಂತಿರಲಿಲ್ಲ. ಆ ದಿನ ನಿಂತೆ.

ಆರ್.ಟಿ. ನಗರದವನು ಎದುರು ಕುಳಿತ. ಇದು ಅವರ ಪೆಟ್ಟಿಗೆಯೇ ಎಂದು ಅವನು ಸಮರ್ಥಿಸಬೇಕು. "ನಿಮ್ ಭಾವನ ಪೆಟ್ಟಿಗೆ ಮೇಲೆ..." ಎಂದು ಶುರುಮಾಡಿ ನಿಲ್ಲಿಸಿದ. ನಾನೇ ಎದ್ದೆ. ಎರಡೇ ಗೆರೆಗಳ ತುದಿ ಕಾಣುತ್ತಿದೆ, ಎರಡು ಗೆರೆ ಯಾವ ಪೆಟ್ಟಿಗೆಯ ಮೇಲೂ ಇರಬಹುದು. ಕೆಂಪು ತುಕ್ಕಾಗಿರಬಹುದು. ನಮ್ಮ ಕಡೆಯ ಕೆಲಸಗಾರರು ಆ ದೇಶದಲ್ಲಿ ಎಷ್ಟೋ ಕ್ಯಾಂಪುಗಳಲ್ಲಿದ್ದಾರೆ, ಆಯುಧಪೂಜೆ ಎಲ್ಲರೂ ಮಾಡುತ್ತಾರೆ. ಪೆಟ್ಟಿಗೆ ಸಿಕ್ಕಿತು ಎಂದರೆ ಪೆಟ್ಟಿಗೆಯವನು ಸಿಕ್ಕ ಎಂದಲ್ಲ. ಓಡುವವನು ಪೆಟ್ಟಿಗೆ ಹೊತ್ತು ಓಡುವುದಿಲ್ಲ. ಪ್ರತಿಯೊಂದು ಮಾತೂ ಸರಿ. ಒಂದೊಂದಕ್ಕೂ ಅವನು ತಲೆ ಆಡಿಸುತ್ತಾ ಹೋದ. ಕೊನೆಗೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ನೀನೇ ಗೆದ್ದೆ ಗುರು," ಎಂದ. "ಅಲ್ಲಾ ಕಸಂ, ನೀನೇ ಗೆದ್ದೆ."

ಬಾಸ್ ಬೋರ್ಡಿನ ಕಡೆ ತಿರುಗಿದರು. ಏನೂ ಬರೆಯಲಿಲ್ಲ. ಖಚಿತವಿಲ್ಲ ಎಂದು ವರದಿಯಲ್ಲಿ ಸೇರಿತು.

ಅಂದು ಸಂಜೆ ಅಕ್ಕನಿಗೆ ಚಿತ್ರ ತೋರಿಸಬಾರದು ಎಂದೇ ಮನೆಗೆ ಬಂದೆ. ಅವಳು ನನ್ನ ಮುಖ ನೋಡಿ ಕೈ ಚಾಚಿದಳು. ಕೊಟ್ಟೆ. ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದಳು. ಮೂರನೆಯ ಗೆರೆ ಎಲ್ಲಿ ನಿಲ್ಲುತ್ತದೆ ಎಂದು ಜಗತ್ತಿನಲ್ಲಿ ಅವಳಿಗಿಂತ ಚೆನ್ನಾಗಿ ತಿಳಿದವರಿಲ್ಲ. ತುಂಬಾ ಹೊತ್ತು ನೋಡಿ ಫೋನನ್ನು ಬೋರಲಾಗಿ ಇಟ್ಟಳು.

"ನಮ್ದಲ್ಲ ಇದು," ಎಂದಳು.

ನಾನು ಫೋನ್ ತೆಗೆದು ಬ್ಯಾಗಿಗೆ ಹಾಕಿಕೊಂಡೆ.

"ನಮ್ದು ಇನ್ನೂ ಗಾಢ ಬಣ್ಣ. ಅಲ್ವಾ? ಕೆಂಪು ಇಷ್ಟು ಮಂಕಾಗಿರ್ಲಿಲ್ಲ. ಹೇಳೇ, ಅಷ್ಟೆಲ್ಲಾ ಮಾತಾಡ್ತೀಯ, ಹೇಳು."

"ಹೌದಕ್ಕ," ಎಂದೆ. "ಎರಡೇ ಗೆರೆ ಕಾಣ್ತಿರೋದು. ಎರಡು ಗೆರೆ ಯಾವ ಪೆಟ್ಟಿಗೆ ಮೇಲೂ ಇರ್ಬೋದು."

ಅವಳು ತಲೆದೂಗಿದಳು. ನಾನು ಯಾವ ಕಡೆ ಎಂದು ಕೇಳಲಿಲ್ಲ. ಆಮೇಲೆ ಯಾವತ್ತೂ ಕೇಳಿಲ್ಲ.

ಕೆಲಸ ಬಿಟ್ಟಿಲ್ಲ. ಬಿಟ್ಟರೆ ಮುಂದಿನ ಟಾರ್ಪಾಲನ್ನು ಬೇರೆ ಯಾರೋ ನೋಡುತ್ತಾರೆ, ಅವರಿಗೆ ಆ ಪೆಟ್ಟಿಗೆ ಬರೀ ಪೆಟ್ಟಿಗೆ. ಸೆರೆಯಾದವರನ್ನು ತೋರಿಸುವ ವಿಡಿಯೋ ಬಂದರೆ ನಾನು ಮೊದಲು ನೋಡಬೇಕು. ಇಲ್ಲಿಯವರೆಗೆ ಬಂದವುಗಳಲ್ಲಿ ಭಾವ ಇಲ್ಲ. ಇಲ್ಲದಿರುವುದು ಒಳ್ಳೆಯದು ಎಂದೂ ವಾದಿಸಬಹುದು, ಕೆಟ್ಟದ್ದು ಎಂದೂ ವಾದಿಸಬಹುದು. ನಾನು ಎರಡನ್ನೂ ವಾದಿಸಿ ನೋಡಿದ್ದೇನೆ.

ಅಕ್ಕ ಈಗ ತಾನೇ ವಾದ ತರುತ್ತಾಳೆ. ಬೆಳಗ್ಗೆ ನಾನು ಮೆಟ್ರೋಗೆ ಹೊರಡುವ ಗಡಿಬಿಡಿಯಲ್ಲಿ ಬಾಗಿಲ ಬಳಿ ಡಬ್ಬಿ ಕೊಡುತ್ತಾ, "ಅಲ್ಲಿಂದ ಫೋನ್ ಮಾಡೋಕೆ ಬಿಡಲ್ವೇನೋ, ಅದಕ್ಕೇ ಮಾಡಿಲ್ಲ, ಅಲ್ವಾ?" ಎನ್ನುತ್ತಾಳೆ. ಇನ್ನೊಂದು ದಿನ, "ಬಯಲಲ್ಲಿ ಓಡಿ ಯಾವ್ದೋ ಊರು ಸೇರ್ಕೊಂಡಿದ್ರೆ ಭಾಷೆ ಬರಲ್ವಲ್ಲ, ಹೇಗೆ ಹೇಳ್ತಾರೆ?" ವಾದ ಎಲ್ಲಿ ಸೋರುತ್ತದೆ ಎಂದು ನನಗೆ ಮೊದಲ ಪದಕ್ಕೇ ಕಾಣುತ್ತದೆ. ಆ ತೂತನ್ನು ಮುಚ್ಚಿ, ಅವಳದಕ್ಕಿಂತ ಗಟ್ಟಿಯಾದ ಒಂದು ವಾದ ಮಾಡಿ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತೇನೆ. ಒಂದು ದಿನವೂ ಸೋತಿಲ್ಲ.